ಪವಿತ್ರ ದ್ವಾರ ಮುಚ್ಚಿತು, ಇನ್ನೇನು? ತಪಸ್ಸುಕಾಲವನ್ನೇ ಜೂಬಿಲಿ ಯಾತ್ರೆಯಾಗಿ ನಡೆಯುವ ಬಗೆ

"ರೋಮಿಗೆ ಹೋಗಲಾಗಲಿಲ್ಲ, ಜೂಬಿಲಿ ವರ್ಷದ ಫಲ ನಮಗೆ ತಪ್ಪಿಹೋಯಿತೇ?" "ಯಾತ್ರೆಗೂ ಪ್ರವಾಸಕ್ಕೂ ವ್ಯತ್ಯಾಸವೇನು?" "ತಪಸ್ಸುಕಾಲದಲ್ಲಿ ಮಾಂಸ ಬಿಟ್ಟರೆ ಸಾಕೇ?" 2026ರ ಜನವರಿ 6ರಂದು ಪೋಪ್ ಹದಿನಾಲ್ಕನೇ ಲಿಯೋ ಅವರು ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು, ಎಂದರೆ ಜೂಬಿಲಿ ವರ್ಷದಲ್ಲಿ ಮಾತ್ರ ಯಾತ್ರಿಕರಿಗೆ ತೆರೆಯುವ ಬಾಗಿಲನ್ನು, ಮುಚ್ಚಿ 2025ರ ಜೂಬಿಲಿಯನ್ನು ಮುಗಿಸಿದ ಮೇಲೆ ಈ ಮೂರು ಪ್ರಶ್ನೆಗಳು ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇವೆ. ಕೇಳುವವರು ಮೂರನ್ನೂ ಬೇರೆ ಬೇರೆ ಎಂದುಕೊಂಡು ಕೇಳುತ್ತಾರೆ. ನನಗೆ ಅವು ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಹಾಗಾಗಿ ಒಂದೇ ಬರಹದಲ್ಲಿ, ಹಂತಹಂತವಾಗಿ ಉತ್ತರಿಸುತ್ತೇನೆ. (ತಪಸ್ಸುಕಾಲ ಎಂದರೆ ಪಾಸ್ಕ ಅಥವಾ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಸಿದ್ಧತೆ, ಲೆಂಟ್.)

ಮೊದಲು ಜೂಬಿಲಿ ಎಂದರೇನು ನೋಡೋಣ. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯವನ್ನು ತೆರೆಯಿರಿ. ಏಳೇಳು ವರ್ಷಗಳ ಏಳು ಸುತ್ತು ಮುಗಿದು, 49 ಕಳೆದ ಮೇಲೆ ಬರುವ 50ನೆಯದು ಜೂಬಿಲಿ ಸಂವತ್ಸರ. ಏಳನೇ ತಿಂಗಳ ಹತ್ತನೇ ದಿನ, ದೋಷಪರಿಹಾರದ ದಿನದಂದು, ನಾಡಿನಲ್ಲೆಲ್ಲ ಕೊಂಬು ಊದಬೇಕು. ಟಗರಿನ ಕೊಂಬಿಗೆ ಹೀಬ್ರೂ ಭಾಷೆಯಲ್ಲಿ 'ಯೋಬೆಲ್' ಎನ್ನುತ್ತಾರೆ, ಜೂಬಿಲಿ ಎಂಬ ಹೆಸರು ಬಂದದ್ದು ಅಲ್ಲಿಂದ. ಆ ವರ್ಷ ಹೊಲಕ್ಕೆ ಬಿಡುವು. ಬಡತನದಿಂದ ಮಾರಿಕೊಂಡಿದ್ದ ಭೂಮಿ ಮೂಲ ಮನೆತನಕ್ಕೆ ಮರಳುತ್ತದೆ. ಜೀತಕ್ಕೆ ಸೇರಿದವನು ತನ್ನ ಮನೆಗೆ ಮರಳುತ್ತಾನೆ. ಇದಕ್ಕೆಲ್ಲ ದೇವರು ಕೊಡುವ ಕಾರಣ 23ನೇ ವಚನದಲ್ಲಿದೆ: ಭೂಮಿ ನನ್ನದು, ನೀವು ನನ್ನ ಬಳಿ ಇರುವ ಪರದೇಶಿಗಳು, ಪ್ರವಾಸಿಗಳು.

ಈ ವಚನವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಯಾತ್ರೆಯ ಬೀಜವೂ ಇಲ್ಲೇ ಇದೆ. ನಾವು ಇಲ್ಲಿ ಯಜಮಾನರಲ್ಲ, ದಾರಿಯಲ್ಲಿರುವ ಅತಿಥಿಗಳು. ಅದನ್ನು ಕಾಲಿಗೆ ಕಲಿಸುವುದು ಯಾತ್ರೆ. ಇನ್ನು ತಪಸ್ಸುಕಾಲದ ಮೊದಲ ದಿನ, ಬೂದಿ ಬುಧವಾರದಂದು ಓದುವ ಪ್ರವಾದಿ ಯೋವೇಲನ ಮಾತು ಕೇಳಿ: "ಪೂರ್ಣ ಹೃದಯದಿಂದ ನನ್ನ ಬಳಿಗೆ ಮರಳಿ ಬನ್ನಿ. ಉಡುಪನ್ನಲ್ಲ, ಹೃದಯವನ್ನು ಹರಿದುಕೊಳ್ಳಿ." ಜೂಬಿಲಿ, ಯಾತ್ರೆ, ತಪಸ್ಸುಕಾಲ, ಮೂರರಲ್ಲೂ ನಡೆಯುವುದು ಎರಡೇ ಕೆಲಸ: ಮರಳುವುದು ಮತ್ತು ಮರಳಿಸುವುದು. ದೇವರ ಬಳಿಗೆ ನಾವು ಮರಳಬೇಕು, ನಮ್ಮದಲ್ಲದ್ದನ್ನು ಅದು ಯಾರದೋ ಅವರಿಗೆ ಮರಳಿಸಬೇಕು. ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಬಿಡುವುದೇ ನಾವು ಹೆಚ್ಚಾಗಿ ಮಾಡುವ ತಪ್ಪು.

ರೋಮಿನ ಜೂಬಿಲಿ ಇಷ್ಟು ಹಳೆಯದಲ್ಲ. 1300ರಲ್ಲಿ ಪೋಪ್ ಎಂಟನೇ ಬೋನಿಫೇಸ್ ಮೊದಲ ಜೂಬಿಲಿಯನ್ನು ಸಾರಿದರು. ರೋಮಿನವರು 30 ದಿನ, ಹೊರಗಿನಿಂದ ಬಂದವರು 15 ದಿನ ಸಂತ ಪೇತ್ರರ ಮತ್ತು ಸಂತ ಪೌಲರ ಮಹಾದೇವಾಲಯಗಳಿಗೆ ಭೇಟಿ ಕೊಡಬೇಕಿತ್ತು. ನೂರು ವರ್ಷಕ್ಕೊಮ್ಮೆ ಎಂದಿದ್ದದ್ದು ಐವತ್ತಕ್ಕೆ ಇಳಿದು 1350ರಲ್ಲಿ ಬಂತು. 1475ರಿಂದ 25 ವರ್ಷಕ್ಕೊಮ್ಮೆ ಎಂಬ ಕ್ರಮ ನಿಂತಿತು. ಒಂದು ಆಯುಷ್ಯದಲ್ಲಿ ಪ್ರತಿಯೊಬ್ಬರಿಗೂ ಒಂದಾದರೂ ಸಿಗಲಿ ಎಂಬುದು ಅದರ ಹಿಂದಿನ ಕಾಳಜಿ. ನಡುವೆ ವಿಶೇಷ ಜೂಬಿಲಿಗಳೂ ಬರುತ್ತವೆ. 1933, 1983 ಮತ್ತು ಕರುಣೆಯ ವರ್ಷವಾಗಿ 2015-16 ಅಂಥವು.

ಈಗ ತಪಸ್ಸುಕಾಲವನ್ನೇ ಜೂಬಿಲಿ ಯಾತ್ರೆಯಾಗಿ ನಡೆಯೋಣ. ಬೇಕಾದ ಸಾಮಗ್ರಿ ಬಹಳ ಕಡಿಮೆ. ಒಂದು ಬೈಬಲ್, ಒಂದು ಚಿಕ್ಕ ಪುಸ್ತಕ ಮತ್ತು ಪೆನ್ನು, ದಾನಕ್ಕೆಂದು ಬೇರೆಯಾಗಿಟ್ಟ ಒಂದು ಡಬ್ಬಿ, ನಿಮ್ಮ ಧರ್ಮಕೇಂದ್ರದಲ್ಲಿ (ನಿಮ್ಮ ಊರಿನ ಚರ್ಚಿನಲ್ಲಿ) ಪಾಪನಿವೇದನೆಗೆ, ಎಂದರೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯಲು, ಗುರುಗಳು ಸಿಗುವ ವೇಳೆ. ಇಷ್ಟೇ.

1. ಹೊರಡುವ ಮುನ್ನ: ಮರಳಿಸಬೇಕಾದ್ದನ್ನು ಬರೆದುಕೊಳ್ಳಿ

ಬೂದಿ ಬುಧವಾರಕ್ಕೆ ಒಂದು ವಾರ ಮೊದಲೇ ಇದನ್ನು ಮಾಡಿ. ಹೆಚ್ಚಿನವರು "ಈ ಸಲ ಏನು ಬಿಡಲಿ?" ಎಂದು ಆರಂಭಿಸುತ್ತಾರೆ. ಕಾಫಿ ಬಿಡಲೋ, ಸಿಹಿ ಬಿಡಲೋ ಎಂಬ ಲೆಕ್ಕ. ಯಾಜಕಕಾಂಡದ ಆ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿದರೆ ಪ್ರಶ್ನೆಯೇ ಬದಲಾಗುತ್ತದೆ. ಅಲ್ಲಿ ಸಾಲವಿದೆ, ಭೂಮಿಯಿದೆ, ಆಳುಗಳಿದ್ದಾರೆ, ಬಿಡುವಿದೆ. ಅವನ್ನೇ ನಿಮ್ಮ ಬದುಕಿಗೆ ಹಚ್ಚಿ ಕೇಳಿಕೊಳ್ಳಿ. ಯಾರಿಗೆ ಕೊಡಬೇಕಾದ ಹಣ ನನ್ನಲ್ಲಿ ಉಳಿದಿದೆ? ನನಗೆ ಬರಬೇಕಾದ ಸಾಲದಲ್ಲಿ, ತೀರಿಸಲಾರದ ಬಡವನದು ಯಾವುದಾದರೂ ಇದೆಯೇ? ಯಾರ ಹೆಸರನ್ನು ಕೆಡಿಸಿದ್ದೇನೆ? ನನ್ನ ಕೈಕೆಳಗೆ ದುಡಿಯುವವರಿಗೆ ಬಿಡುವು ಕೊಟ್ಟಿದ್ದೇನೆಯೇ? ಯಾರ ಮೇಲಿನ ಮುನಿಸನ್ನು ಗಂಟು ಕಟ್ಟಿ ಇಟ್ಟುಕೊಂಡಿದ್ದೇನೆ?

ಉತ್ತರಗಳನ್ನು ಬರೆಯಿರಿ, ಹೆಸರು ಸಮೇತ. ಆಮೇಲೆ ಅದರಲ್ಲಿ ಒಂದನ್ನು, ಒಂದನ್ನೇ ಆರಿಸಿಕೊಳ್ಳಿ. ಒಂದು ವರ್ಷ ನಾನು ಒಂಬತ್ತು ನಿರ್ಣಯ ಬರೆದುಕೊಂಡಿದ್ದೆ. ಎರಡನೇ ಭಾನುವಾರದ ಹೊತ್ತಿಗೆ ಪುಸ್ತಕ ತೆರೆಯಲೂ ಮನಸ್ಸಾಗದೆ ಹೋಯಿತು. ಮರುವರ್ಷ ಒಂದೇ ಒಂದು ಹೆಸರು ಬರೆದೆ. ಎಂಟು ವರ್ಷಗಳಿಂದ ಮಾತು ಬಿಟ್ಟಿದ್ದ ಸಂಬಂಧಿಕರೊಬ್ಬರದು. ಅದೊಂದು ಆಯಿತು.

2. ಬೂದಿ ಬುಧವಾರ: ನಿಯಮ ಎಷ್ಟೋ ಅಷ್ಟು

ಹಿಂದಿನ ವರ್ಷ ಗರಿಗಳ ಭಾನುವಾರದಲ್ಲಿ (ಪಾಸ್ಕದ ಹಿಂದಿನ ಭಾನುವಾರ) ಕೈಯಲ್ಲಿ ಹಿಡಿದ ಗರಿಗಳನ್ನೇ ಒಣಗಿಸಿ ಸುಟ್ಟು ಈ ಬೂದಿ ಮಾಡುತ್ತಾರೆ. ಜಯಘೋಷಕ್ಕೆ ಎತ್ತಿದ ಹಸಿರು ಗರಿ, ಹಣೆಗೆ ಹಚ್ಚುವ ಬೂದಿಯಾಗಿ ಬರುತ್ತದೆ. ಹಚ್ಚುವಾಗ ಗುರುಗಳು ಹೇಳುವ ಎರಡು ವಾಕ್ಯಗಳಲ್ಲಿ ಒಂದು, ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ ಎಂಬುದನ್ನು ನೆನಪಿಡು. ಇನ್ನೊಂದು, ಪಶ್ಚಾತ್ತಾಪಪಟ್ಟು ಶುಭಸಂದೇಶದಲ್ಲಿ ವಿಶ್ವಾಸವಿಡು.

ಉಪವಾಸದ ನಿಯಮದ ಬಗ್ಗೆ ಗೊಂದಲ ಬಹಳ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನ ಉಪವಾಸ ಕಡ್ಡಾಯ. ಉಪವಾಸ ಎಂದರೆ ಇಲ್ಲಿ ಒಪ್ಪೊತ್ತು: ಒಂದು ಹೊತ್ತು ಹೊಟ್ಟೆ ತುಂಬ ಊಟ, ಬೇಕಿದ್ದರೆ ಇನ್ನೆರಡು ಹೊತ್ತು ಸ್ವಲ್ಪ ಆಹಾರ. ಇದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಮಾಂಸ ತ್ಯಜಿಸುವ ನಿಯಮ 14 ತುಂಬಿದ ಎಲ್ಲರಿಗೂ, ಈ ಎರಡು ದಿನಗಳ ಜೊತೆಗೆ ಶುಕ್ರವಾರಗಳಲ್ಲೂ. ಶುಕ್ರವಾರದ ವಿಷಯದಲ್ಲಿ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿ ಬೇರೆ ಪ್ರಾಯಶ್ಚಿತ್ತವನ್ನು ಸೂಚಿಸಬಹುದಾದ್ದರಿಂದ ನಿಮ್ಮ ಗುರುಗಳನ್ನು ಕೇಳಿಕೊಳ್ಳಿ. ಕಾಯಿಲೆಯವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಉಪವಾಸ ಮಾಡಬೇಕಿಲ್ಲ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಹಠಕ್ಕೆ ಬಿದ್ದು ಊಟ ಬಿಡಬೇಡಿ. ದೇವರು ಅದನ್ನು ಕೇಳಿಲ್ಲ.

"ನಲವತ್ತು ದಿನ ಎನ್ನುತ್ತಾರೆ, ಎಣಿಸಿದರೆ ನಲವತ್ತಾರು ಬರುತ್ತದಲ್ಲ?" ಎಂದೂ ಕೇಳುತ್ತಾರೆ. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನ. ನಡುವಿನ 6 ಭಾನುವಾರಗಳು ಪುನರುತ್ಥಾನದ ದಿನಗಳಾದ್ದರಿಂದ ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ.

3. ಪಾಪನಿವೇದನೆಯನ್ನು ಕೊನೆಗೆ ತಳ್ಳಬೇಡಿ

ಪಾಸ್ಕಕ್ಕೆ ಮುಂಚಿನ ಪವಿತ್ರ ವಾರದಲ್ಲಿ ಉದ್ದನೆಯ ಸಾಲು ನಿಂತು, ಗಡಿಬಿಡಿಯಲ್ಲಿ ಮೂರು ವಾಕ್ಯ ಹೇಳಿ ಬರುವುದು ನಮ್ಮ ರೂಢಿಯಾಗಿಬಿಟ್ಟಿದೆ. ಯಾತ್ರಿಕ ಭಾರವನ್ನು ಇಳಿಸುವುದು ಹೊರಡುವಾಗ. ಊರು ಸೇರಿದ ಮೇಲೆ ಇಳಿಸಿ ಏನು ಬಂತು? ಮೊದಲ ಎರಡು ವಾರದೊಳಗೇ ಹೋಗಿ.

ಬಹಳ ವರ್ಷಗಳಿಂದ ಹೋಗದೇ ಇದ್ದವರಿಗೆ ಅಂಜಿಕೆ ಇರುತ್ತದೆ. ಅವರಿಗಾಗಿ ಲೂಕನ ಶುಭಸಂದೇಶದ 15ನೇ ಅಧ್ಯಾಯದಿಂದ ಒಂದು ಸಣ್ಣ ವಿವರ. ಮನೆ ಬಿಟ್ಟು ಹೋದ ಮಗ ಹಂದಿಗಳ ನಡುವೆ ಕುಳಿತು, ತಂದೆಗೆ ಹೇಳಬೇಕಾದ ಮಾತನ್ನು ಮೊದಲೇ ಕಟ್ಟಿಕೊಳ್ಳುತ್ತಾನೆ: ಅಪ್ಪಾ, ಪಾಪ ಮಾಡಿದ್ದೇನೆ, ನಿನ್ನ ಮಗ ಎನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಆಳುಗಳಲ್ಲಿ ಒಬ್ಬನಂತೆ ನನ್ನನ್ನು ಇಟ್ಟುಕೋ. ಮನೆಗೆ ಬಂದು ಆಡಿದ ಮಾತನ್ನು ಇದರ ಪಕ್ಕದಲ್ಲಿಟ್ಟು ಓದಿ. ಕೊನೆಯ ವಾಕ್ಯ ಅಲ್ಲಿಲ್ಲ. 'ಆಳು' ಎಂಬ ಮಾತು ಬಾಯಿಂದ ಹೊರಡುವ ಮೊದಲೇ ತಂದೆ ಉಡುಪು, ಉಂಗುರ, ಪಾದರಕ್ಷೆ ತರಿಸುತ್ತಿದ್ದಾನೆ. ನೀವು ಮಾತು ಮರೆತರೂ, ಕ್ರಮ ತಪ್ಪಿದರೂ ಚಿಂತೆಯಿಲ್ಲ. "ತುಂಬ ವರ್ಷ ಆಯಿತು ಸ್ವಾಮಿ, ಹೇಗೆ ಅಂತ ಮರೆತಿದೆ" ಎಂದಷ್ಟೇ ಹೇಳಿ. ಮುಂದಿನದನ್ನು ಗುರುಗಳು ನಡೆಸುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಕದ್ದದ್ದನ್ನು, ಮೋಸದಿಂದ ಪಡೆದದ್ದನ್ನು ಇಟ್ಟುಕೊಂಡೇ ಕ್ಷಮೆ ಕೇಳಲಾಗದು. ಸುಂಕ ವಸೂಲಿಯ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡಾಗ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ಸು ಎಂದ. "ಇಂದು ಈ ಮನೆಗೆ ರಕ್ಷಣೆ ಬಂತು" ಎಂದು ಯೇಸು ನುಡಿದದ್ದು ಅದಾದ ಮೇಲೆ.

4. ಪ್ರಾರ್ಥನೆ, ಉಪವಾಸ, ದಾನ: ಮೂರನ್ನೂ ಒಂದೇ ಹಗ್ಗವಾಗಿ ಹೊಸೆಯಿರಿ

ಮತ್ತಾಯನ 6ನೇ ಅಧ್ಯಾಯದಲ್ಲಿ ಯೇಸು ಈ ಮೂರನ್ನೂ ಒಟ್ಟಿಗೆ ಹೇಳುತ್ತಾರೆ, ಮೂರನ್ನೂ ಗುಟ್ಟಾಗಿ ಮಾಡಿ ಎನ್ನುತ್ತಾರೆ. ಬಿಟ್ಟ ಊಟದ ಹಣ ಡಬ್ಬಿಗೆ ಬೀಳದಿದ್ದರೆ ಉಪವಾಸ ಬರೀ ಉಳಿತಾಯವಾಗುತ್ತದೆ, ಪ್ರಾರ್ಥನೆ ಇಲ್ಲದಿದ್ದರೆ ಪಥ್ಯವಾಗುತ್ತದೆ. ಹಾಗಾಗಿ ಕೆಲಸವನ್ನು ಹೀಗೆ ಜೋಡಿಸಿ: ಏನು ಬಿಟ್ಟಿರೋ ಅದರ ಬೆಲೆಯನ್ನು ಅದೇ ದಿನ ಡಬ್ಬಿಗೆ ಹಾಕಿ, ಅದಕ್ಕೆ ಹಿಡಿಯುತ್ತಿದ್ದ ಹೊತ್ತನ್ನು ಆ ದಿನದ ವಾಚನ ಓದಲು ಬಳಸಿ. ಫೋನನ್ನು ಬಿಡುವವರು ಹಣ ಹಾಕಲಾರರು ನಿಜ. ಅವರು ಆ ಅರ್ಧ ಗಂಟೆಯನ್ನು ಒಬ್ಬಂಟಿ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಕಳೆಯಲಿ. 2025ರ ಜೂಬಿಲಿಗಾಗಿ ರೋಮ್ ಹೊರಡಿಸಿದ ನಿಯಮಗಳಲ್ಲಿ, ವಾರಕ್ಕೊಂದು ದಿನವಾದರೂ ಪರದೆಯ ಮೇಲಿನ ವ್ಯರ್ಥ ಕಾಲಹರಣದಿಂದ ದೂರವಿರುವುದೂ ಒಂದು ತಪಸ್ಸೆಂದು ಎಣಿಸಲಾಗಿತ್ತು.

ಬೂದಿ ಬುಧವಾರದ ನಂತರದ ಶುಕ್ರವಾರ ಬಲಿಪೂಜೆಯಲ್ಲಿ (ಮಾಸ್) ಪ್ರವಾದಿ ಯೆಶಾಯನ 58ನೇ ಅಧ್ಯಾಯವನ್ನು ಓದುತ್ತಾರೆ. ಉಪವಾಸದ ದಿನವೂ ಆಳುಗಳನ್ನು ದಬ್ಬಾಳಿಕೆಯಿಂದ ದುಡಿಸುತ್ತೀರಿ ಎಂದು ದೇವರು ಗದರುತ್ತಾರೆ. ಅವರು ಮೆಚ್ಚುವ ಉಪವಾಸ ಅನ್ಯಾಯದ ಸಂಕೋಲೆ ಬಿಚ್ಚುವುದು, ಜರ್ಜರಿತರನ್ನು ಬಿಡಿಸುವುದು, ಹಸಿದವನೊಡನೆ ಅನ್ನ ಹಂಚಿಕೊಳ್ಳುವುದು. ಇದು ಜೂಬಿಲಿಯ ಭಾಷೆಯೇ. ಆ ಅಧ್ಯಾಯವನ್ನು ಪ್ರತಿ ಶುಕ್ರವಾರ ಒಮ್ಮೆ ಓದಿ. ಐದು ನಿಮಿಷ ಸಾಕು.

5. ಒಂದು ಯಾತ್ರೆಯನ್ನಂತೂ ಕಾಲ್ನಡಿಗೆಯಲ್ಲಿ ಮಾಡಿ

ಯಾತ್ರೆ ಎಂದರೆ ದೂರ ಎಂಬ ಭಾವನೆಯನ್ನು ಮೊದಲು ಬಿಡಿ. ಜೆರುಸಲೇಮಿಗೆ ಹೋಗಲಾಗದವರು ಯೇಸುವಿನ ಪಾಡಿನ ದಾರಿಯನ್ನು ತಮ್ಮ ಚರ್ಚಿನೊಳಗೇ ನಡೆಯಲೆಂದು ಫ್ರಾನ್ಸಿಸ್ಕನ್ ಸಭೆಯವರು ಹರಡಿದ ಭಕ್ತಿಯೇ ಶಿಲುಬೆಯ ಹಾದಿ. ಅದರ ನಿಲ್ದಾಣಗಳು 14 ಎಂದು 1731ರಲ್ಲಿ ಗೊತ್ತಾಯಿತು. ನಮ್ಮ ಕಣ್ಣಿಗೆ ಗೋಡೆಯ ಮೇಲಿನ ಚಿತ್ರಗಳಾಗಿ ಉಳಿದುಬಿಟ್ಟಿರುವ ಅವು ನಿಜದಲ್ಲಿ ಮೈಲಿಗಲ್ಲುಗಳು. ರೋಮಿನಲ್ಲೂ 16ನೇ ಶತಮಾನದಲ್ಲಿ ಸಂತ ಫಿಲಿಪ್ ನೇರಿ ಏಳು ಚರ್ಚುಗಳ ನಡಿಗೆಯನ್ನು ಮತ್ತೆ ಜನರ ನಡುವೆ ತಂದರು. ಸುಮಾರು 20 ಕಿಲೋಮೀಟರಿಗೂ ಹೆಚ್ಚು ದೂರ, ಹಾಡು ಮತ್ತು ಪ್ರಾರ್ಥನೆಯೊಂದಿಗೆ. ಅವರೇ ಕಟ್ಟಿದ ಭ್ರಾತೃಸಂಘ 1550ರ ಜೂಬಿಲಿಯಲ್ಲಿ ಬಡ ಯಾತ್ರಿಕರಿಗೆ ಊಟ, ಆಸರೆ ಕೊಟ್ಟಿತು. ದಣಿದು ಬಂದವರ ಕಾಲು ತೊಳೆಯುವುದೂ ಅವರ ಪಾಲಿಗೆ ಯಾತ್ರೆಯೇ ಆಗಿತ್ತು.

ಮಾಡುವ ಬಗೆ ಹೀಗೆ. ತಪಸ್ಸುಕಾಲದ ಮಧ್ಯದಲ್ಲಿ ಒಂದು ದಿನ ಗೊತ್ತುಮಾಡಿ. ನಡೆದು ಮುಟ್ಟಬಹುದಾದ ಒಂದು ಚರ್ಚನ್ನೋ ಪುಣ್ಯಕ್ಷೇತ್ರವನ್ನೋ ಆರಿಸಿ. ಯಾರಿಗಾಗಿ ನಡೆಯುತ್ತಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಗುರಿಯಿಲ್ಲದ ನಡಿಗೆ ವ್ಯಾಯಾಮವಾಗುತ್ತದೆ. ದಾರಿಯ ಮೊದಲ ಭಾಗ ಮೌನ, ನಡುವೆ ಜಪಸರ (ರೋಸರಿ), ಕೊನೆಯಲ್ಲಿ ಬೈಬಲಿನ ಕೀರ್ತನೆ. ಕೀರ್ತನೆಗಳಲ್ಲಿ 120ರಿಂದ 134ರವರೆಗಿನ ಹದಿನೈದು, ಜೆರುಸಲೇಮಿಗೆ ಹತ್ತಿ ಹೋಗುತ್ತಿದ್ದ ಯಾತ್ರಿಕರ ಹಾಡುಗಳು. ಹೊರಡುವಾಗ 121, ದೂರದಿಂದ ಗೋಪುರ ಕಂಡಾಗ 122, ಮರಳುವಾಗ 126 ನನಗೆ ಒಗ್ಗಿಬಂದ ಕ್ರಮ.

ಚರ್ಚಿನ ಬಾಗಿಲಲ್ಲಿ ನಿಲ್ಲಿ. ಒಳಗೆ ನುಗ್ಗಬೇಡಿ. ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರದಲ್ಲಿ ಈಗಿರುವ ಕಂಚಿನ ಬಾಗಿಲು 1950ರ ಜೂಬಿಲಿಯದು. ಅದರ ಮೇಲೆ 16 ಚಿತ್ರಫಲಕಗಳಿವೆ. ಮೊದಲನೆಯದರಲ್ಲಿ ಏದೆನ್ ತೋಟದ ಬಾಗಿಲು ಕಾಯುವ ದೇವದೂತ, ಮನುಷ್ಯ ಹೊರಗೆ. ಮುಂದೆ ಹೆಗಲೇರಿದ ತಪ್ಪಿದ ಕುರಿ, ತಂದೆಯ ತೋಳಿಗೆ ಬಿದ್ದ ಮಗ, ಗುರುವನ್ನು ಅರಿಯೆನೆಂದ ಪೇತ್ರ, ಶಿಲುಬೆಯ ಮೇಲಿನ ಒಳ್ಳೆಯ ಕಳ್ಳ ಬರುತ್ತಾರೆ. ಬಾಗಿಲಿನಿಂದ ಹೊರದೂಡಿದ್ದರಿಂದ ಶುರುವಾದ ಕಥೆ ಬಾಗಿಲು ತೆರೆಯುವುದರಲ್ಲಿ ಮುಗಿಯುತ್ತದೆ. "ನಾನೇ ಬಾಗಿಲು" ಎಂದು ಯೇಸು ಹೇಳಿದ್ದು ಯೊವಾನ್ನನ 10ನೇ ಅಧ್ಯಾಯದಲ್ಲಿ. ಯಾವ ಚರ್ಚಿನ ಹೊಸ್ತಿಲಲ್ಲಿ ನಿಂತರೂ ಆ ಮಾತನ್ನು ನೆನೆಯಬಹುದು. 2024ರ ಡಿಸೆಂಬರ್ 26ರಂದು ಪೋಪ್ ಫ್ರಾನ್ಸಿಸ್ ಒಂದು ಪವಿತ್ರ ದ್ವಾರವನ್ನು ತೆರೆದದ್ದು ರೋಮಿನ ರೆಬಿಬ್ಬಿಯಾ ಸೆರೆಮನೆಯಲ್ಲಿ. ಒಳಗಿದ್ದವರು ಹೊರಗೆ ಬರಲಾರರು ಎಂದು ದ್ವಾರವೇ ಅವರಿದ್ದಲ್ಲಿಗೆ ಹೋಯಿತು.

ಹಾಗಾಗಿ ಹಾಸಿಗೆ ಹಿಡಿದವರು, ಮನೆಬಿಟ್ಟು ಕದಲಲಾಗದವರು ನೊಂದುಕೊಳ್ಳಬೇಡಿ. ನೋವನ್ನು ಒಪ್ಪಿಸಿ, ಮನಸ್ಸಿನಲ್ಲೇ ಜೊತೆ ನಡೆದರೆ ನೀವೂ ಯಾತ್ರಿಕರೇ ಎಂದು ಧರ್ಮಸಭೆ ಹೇಳುತ್ತದೆ. ಅವರನ್ನು ನೋಡಲು ಹೋಗುವವರ ಭೇಟಿಯೂ ಯಾತ್ರೆಯ ಲೆಕ್ಕಕ್ಕೇ ಸೇರುತ್ತದೆ.

ತಪ್ಪುವುದು ಎಲ್ಲಿ? ಫೋಟೊದಲ್ಲಿ. ಹೊರಟಲ್ಲಿಂದ ಮುಟ್ಟುವವರೆಗೆ ಫೋನು ಕೈಯಲ್ಲಿದ್ದರೆ ದಾರಿ ನಿಮ್ಮೊಳಗೆ ಇಳಿಯುವುದಿಲ್ಲ. ಎರಡನೆಯದು, ಹರಕೆಯ ಚೌಕಾಸಿ: "ಇಷ್ಟು ನಡೆದೆ, ಇದನ್ನು ಕೊಡು" ಎಂಬುದು. ಮೂರನೆಯದು, ಮುಟ್ಟಿದೊಡನೆ ಯಾತ್ರೆ ಮುಗಿಯಿತು ಎಂದುಕೊಳ್ಳುವುದು. ಜೂಬಿಲಿಯ ದ್ವಾರ ಮುಚ್ಚಿದ ಜನವರಿ 6, ಮೂಡಣದ ಜ್ಞಾನಿಗಳ ಹಬ್ಬ. ಅವರು ಮಗು ಯೇಸುವನ್ನು ಕಂಡು "ಬೇರೆ ದಾರಿಯಿಂದ" ಸ್ವದೇಶಕ್ಕೆ ಮರಳಿದರು ಎನ್ನುತ್ತಾನೆ ಮತ್ತಾಯ. ಎಮ್ಮಾವುಸ್ ಎಂಬ ಊರಿಗೆ ಹೊರಟಿದ್ದ ಇಬ್ಬರು ಶಿಷ್ಯರೂ ರೊಟ್ಟಿ ಮುರಿಯುವಾಗ ಯೇಸುವನ್ನು ಗುರುತಿಸಿ, ರಾತ್ರಿಯಾಗಿದ್ದರೂ ಎದ್ದು, ಬಿಟ್ಟುಬಂದಿದ್ದ ಜೆರುಸಲೇಮಿಗೇ ಮರಳಿದರು. ಮನೆಗೆ ಬಂದು ಮೊದಲ ಹಂತದ ಪುಸ್ತಕ ತೆರೆಯಿರಿ. ಆರಿಸಿಕೊಂಡ ಆ ಒಂದು ಹೆಸರಿನವರಿಗೆ ಅಂದೇ ಕರೆ ಮಾಡಿ. ಕಾಲಿನ ದಣಿವು ಆರುವ ಮುನ್ನ ಮಾಡಿದರೆ ಒಳ್ಳೆಯದು, ಆಮೇಲೆ ಮನಸ್ಸು ಮತ್ತೆ ಗಟ್ಟಿಯಾಗುತ್ತದೆ.

6. ದಂಡವಿಮೋಚನೆ: ತಪ್ಪು ತಿಳಿಯಬೇಡಿ

ಇಂಡಲ್ಜೆನ್ಸ್ ಎಂದು ಕೇಳಿರುತ್ತೀರಿ. ಇದು ಪಾಪಕ್ಷಮೆ ಅಲ್ಲ; ಕ್ಷಮೆ ಸಿಗುವುದು ಪಾಪನಿವೇದನೆಯಲ್ಲಿ. ಮುರಿದ ಮೂಳೆ ಕೂಡಿಕೊಂಡ ಮೇಲೂ ನಡಿಗೆ ನೆಟ್ಟಗಾಗಲು ದಿನ ಹಿಡಿಯುತ್ತದಲ್ಲ, ಹಾಗೆ ಕ್ಷಮಿಸಿದ ಪಾಪವೂ ನಮ್ಮಲ್ಲಿ ಒಂದು ಊನವನ್ನು, ತೀರಿಸಬೇಕಾದ ಬಾಕಿಯನ್ನು ಬಿಟ್ಟಿರುತ್ತದೆ. ಕ್ರಿಸ್ತನ ಮತ್ತು ಸಂತರ ಪುಣ್ಯದ ಬಲದಿಂದ ಧರ್ಮಸಭೆ ಆ ಬಾಕಿಯನ್ನು ತೀರಿಸಲು ನೆರವಾಗುವುದೇ ದಂಡವಿಮೋಚನೆ. ಪೂರ್ಣ ವಿಮೋಚನೆಗೆ ಪಾಪನಿವೇದನೆ, ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ, ಕ್ರಿಸ್ತನ ಶರೀರವಾದ ರೊಟ್ಟಿ) ಸ್ವೀಕಾರ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ, ಸಣ್ಣ ಪಾಪಕ್ಕೂ ಮನಸ್ಸು ಅಂಟಿರದ ಸ್ಥಿತಿ ಬೇಕು. ಕೊನೆಯದೇ ಕಷ್ಟದ್ದು; ಅದಿಲ್ಲದಿದ್ದರೆ ವಿಮೋಚನೆ ಭಾಗಶಃ ಆಗುತ್ತದೆ. ನಿಮಗಾಗಿ ಅಥವಾ ತೀರಿಹೋದವರಿಗಾಗಿ ಒಪ್ಪಿಸಬಹುದು, ಬದುಕಿರುವ ಇನ್ನೊಬ್ಬರಿಗಾಗಿ ಆಗದು.

ಜೂಬಿಲಿ ಮುಗಿದರೂ ಇದು ಮುಗಿದಿಲ್ಲ. ಚರ್ಚಿನಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ನಡೆದು ಶಿಲುಬೆಯ ಹಾದಿ ಮಾಡುವುದಕ್ಕೆ, ಅರ್ಧ ಗಂಟೆ ಭಕ್ತಿಯಿಂದ ಬೈಬಲ್ ಓದುವುದಕ್ಕೆ, ಅರ್ಧ ಗಂಟೆ ಪರಮಪ್ರಸಾದದ ಆರಾಧನೆಗೆ ಇದೇ ಷರತ್ತುಗಳೊಂದಿಗೆ ಪೂರ್ಣ ವಿಮೋಚನೆಯಿದೆ, ದಿನಕ್ಕೊಂದು. ಇದಕ್ಕೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಆ ದಂಧೆ ಧರ್ಮಸಭೆಯನ್ನೇ ಸೀಳಿದ ಗಾಯಗಳಲ್ಲಿ ಒಂದು. ಹಣದ ನಂಟಿನ ವಿಮೋಚನೆಗಳನ್ನೆಲ್ಲ ಪೋಪ್ ಐದನೇ ಪಿಯುಸ್ 1567ರಲ್ಲೇ ರದ್ದುಮಾಡಿದರು.

7. ಪವಿತ್ರ ವಾರ ಮತ್ತು ಅದರ ಆಚೆ

ಆರಾಧನೆಯ ಪಂಚಾಂಗದಲ್ಲಿ ಪವಿತ್ರ ಗುರುವಾರ ಸಂಜೆಯ ಬಲಿಪೂಜೆಗೆ ತಪಸ್ಸುಕಾಲ ಮುಗಿಯುತ್ತದೆ; ಮೇಲೆ ಹೇಳಿದ ನಲವತ್ತರ ಎಣಿಕೆ ಮಾತ್ರ ಶನಿವಾರದವರೆಗೆ. ಡಬ್ಬಿಯನ್ನು ಗುರುವಾರಕ್ಕೆ ಮೊದಲೇ ತಲುಪಬೇಕಾದವರಿಗೆ ತಲುಪಿಸಿ, ಎಣಿಸದೆ ಕೊಟ್ಟರೆ ಇನ್ನೂ ಒಳ್ಳೆಯದು. ಮೂರು ದಿನಗಳ ಆಚರಣೆಯಲ್ಲಿ ಒಂದಕ್ಕೇ ಹೋಗಲು ಸಾಧ್ಯವಾಗುವುದಾದರೆ ಶನಿವಾರ ರಾತ್ರಿಯ ಪಾಸ್ಕ ಜಾಗರಣೆಗೆ ಹೋಗಿ. ಕತ್ತಲ ಚರ್ಚಿನೊಳಗೆ ಒಂದೇ ದೀಪ ಮೊದಲು ಬರುತ್ತದೆ. ಅದರಿಂದ ಪಕ್ಕದವರ ಬತ್ತಿಗೆ, ಅವರಿಂದ ನಿಮ್ಮ ಬತ್ತಿಗೆ ಬೆಳಕು ದಾಟುತ್ತದೆ. ಆ ದೀಪ ಹಿಡಿದೇ ಜ್ಞಾನಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತೀರಿ. ನಲವತ್ತು ದಿನ ನಡೆದದ್ದು ಆಗ ಗುರುಗಳು ಕೇಳುವ ಪ್ರಶ್ನೆಗಳಿಗೆ "ಹೌದು" ಎನ್ನುವ ಶಕ್ತಿಗಾಗಿ.

ಮರುದಿನವೇ ಎಲ್ಲವನ್ನೂ ಕೈಬಿಟ್ಟು ಹಳೆಯದಕ್ಕೆ ಬೀಳುವುದು ಬಹಳ ಮಂದಿಯ ದೂರು. ಪಂಚಾಂಗ ನೋಡಿ. ಪಾಸ್ಕದಿಂದ, ಪವಿತ್ರಾತ್ಮರು ಇಳಿದುಬಂದ ನೆನಪಿನ ಪೆಂತೆಕೋಸ್ತ್ ಹಬ್ಬದವರೆಗೆ ಧರ್ಮಸಭೆ ಹಬ್ಬ ಆಚರಿಸುವುದು 50 ದಿನ. ಏಳೇಳು ಸುತ್ತು, ಅದರ ಮೇಲೆ ಒಂದು. ಯಾಜಕಕಾಂಡದ ಎಣಿಕೆಯೇ, ವರ್ಷಗಳ ಬದಲು ದಿನಗಳಲ್ಲಿ, ಪ್ರತಿ ವರ್ಷವೂ ಬರುತ್ತದೆ. ಬಿಟ್ಟಿದ್ದ ಊಟವನ್ನು ಸಂತೋಷವಾಗಿ ಮತ್ತೆ ಉಣ್ಣಿ. ಮರಳಿಸಿದ್ದನ್ನು ಮಾತ್ರ ಮತ್ತೆ ಕಸಿದುಕೊಳ್ಳಬೇಡಿ: ಕರೆ ಮಾಡಿದವರಿಗೆ ಆ ಐವತ್ತು ದಿನದಲ್ಲಿ ಇನ್ನೊಮ್ಮೆ ಕರೆ ಮಾಡಿ, ಸಾಧ್ಯವಾದರೆ ಊಟಕ್ಕೆ ಕರೆಯಿರಿ.